ರಾಕಿಗೆ ಸಿಲಿಕಾನ್ ಬೀಜ ಬೇಕಾ? ನಾಪೋಕ್ಲಿನ ತಮ್ಮನಿಗೆ ಉತ್ತರ

ಕೊಡಗಿನ ನಾಪೋಕ್ಲಿನ ತಮ್ಮ ನಿನ್ನೆ ನಮ್ಮ ಈ ಗುಂಪಿನಲ್ಲಿ ಕೇಳಿದ ಪ್ರಶ್ನೆ ಮೇಲೆ ಎಲ್ಲೋ ಹೋಗಿಬಿಟ್ಟಿದೆ. ಅದರ ಕೆಳಗೆ ಬರೀ ನಗುವ ಮುಖಗಳೇ ತುಂಬಿವೆ. ಹಾಗಾಗಿ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಿಬಿಡುತ್ತೇನೆ. ಅವರ ಮನೆಯ ಲ್ಯಾಬ್ರಡಾರ್ ರಾಕಿಗೆ ಎರಡೂವರೆ ವರ್ಷ. ಎರಡು ಸಲ ಬೇಲಿ ಹಾರಿ ಹೋಗಿದೆ. ಎರಡನೇ ಸಲ ಮೂರು ದಿನ ಬಿಟ್ಟು ಕಿವಿ ಹರಿದುಕೊಂಡು ವಾಪಸ್ ಬಂತು. ಡಾಕ್ಟರು ಬೀಜ ತೆಗೆಸಿ ಅಂದಿದ್ದಾರೆ, ಅಪ್ಪ ಸುತಾರಾಂ ಒಪ್ಪುತ್ತಿಲ್ಲ. ಅಷ್ಟರಲ್ಲಿ ಅಮೆರಿಕದಲ್ಲಿರುವ ಅಣ್ಣ ಒಂದು ವಿಡಿಯೋ ಕಳಿಸಿದ್ದಾರೆ. ಅಲ್ಲಿ ಬೀಜ ತೆಗೆದ ಜಾಗದಲ್ಲಿ ಸಿಲಿಕಾನ್ ಬೀಜ ಇಡುತ್ತಾರೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಅದನ್ನು ಇಲ್ಲಿ ಹಾಕಿಸಬಹುದಾ ಅಂತ ತಮ್ಮ ಕೇಳಿದ್ದು. ಹಾಕಿಸಿದರೆ ಅಪ್ಪ ಸುಮ್ಮನಾಗಬಹುದು ಅನ್ನುವುದು ಅವರ ಲೆಕ್ಕ.

ಮೊದಲು ನಕ್ಕವರಿಗೆ. ನೀವು ನಕ್ಕಿದ್ದು ತಪ್ಪಲ್ಲ, ನಾನೂ ನಕ್ಕೆ. ಆದರೆ ಅದು ಸುಮ್ನೆ ಹುಟ್ಟಿದ ವಸ್ತುವಲ್ಲ. ಮಿಸೌರಿಯ ಗ್ರೆಗ್ ಮಿಲ್ಲರ್ ಅನ್ನುವವರ ಹತ್ತಿರ ಬಕ್ ಅಂತ ಒಂದು ಬ್ಲಡ್‌ಹೌಂಡ್ ಇತ್ತು. ಅದೂ ರಾಕಿಯ ಹಾಗೇ ಮನೆ ಬಿಟ್ಟು ಓಡಿದ ಗಿರಾಕಿ. ಆಪರೇಷನ್ ಆಗಿ ಬಂದ ಮೇಲೆ ಬಕ್ ತನ್ನ ಜಾಗವನ್ನು ನೆಕ್ಕಲು ಹೋಗಿ ಕಕ್ಕಾಬಿಕ್ಕಿಯಾಯಿತು ಅಂತ ಮಿಲ್ಲರ್‌ಗೆ ಅನ್ನಿಸಿತಂತೆ. ಆ ಸಂಕಟದಿಂದ ಹುಟ್ಟಿದ್ದು ‘ನ್ಯೂಟಿಕಲ್ಸ್’. 1995ರಲ್ಲಿ ಮಾರುಕಟ್ಟೆಗೆ ಬಂತು. ಮೊದಲು ಗಟ್ಟಿ ಪ್ಲಾಸ್ಟಿಕ್ಕಿನದು, ಆಮೇಲೆ ಮೆತ್ತಗಿನ ಸಿಲಿಕಾನಿನದು. 2005ರಲ್ಲಿ ಇದಕ್ಕೆ ಇಗ್ ನೊಬೆಲ್ ಬಹುಮಾನವೂ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚಿಸುವ ಹಾಗೆ ಮಾಡುವ ಕೆಲಸಗಳಿಗೆ ಕೊಡುವ ಬಹುಮಾನ ಅದು. ಮೂರು ಸೈಜು, ಮೂರು ಬಗೆಯ ಗಟ್ಟಿತನ ಅಂತ ಬಹುಮಾನದ ಒಕ್ಕಣೆಯಲ್ಲೇ ಇದೆ!

ಮಿಲ್ಲರ್ ಅವರ ವಾದವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ‘ನಾಯಿ ನಾಯಿಯ ಹಾಗೆ ಕಾಣುವುದಿಲ್ಲ’ ಅಂತ ಆಪರೇಷನ್ನಿಗೇ ಹಿಂಜರಿಯುವ ಯಜಮಾನರು ಇದರಿಂದ ಒಪ್ಪುತ್ತಾರೆ ಅನ್ನುವುದು ಅವರ ಮಾತು. ತಮ್ಮನ ಲೆಕ್ಕವೂ ಅದೇ ಅಲ್ವಾ?

ಆದರೂ ನನ್ನ ಉತ್ತರ ಬೇಡ ಅಂತಲೇ. ಯಾಕೆ ಅಂತ ಹೇಳುತ್ತೇನೆ.

ಸಿಲಿಕಾನ್ ಬೀಜ ಏನೂ ಮಾಡುವುದಿಲ್ಲ. ಹಾರ್ಮೋನು ಇಲ್ಲ, ಕಸುವು ಇಲ್ಲ, ಚೀಲದಲ್ಲಿ ಗೋಲಿಯ ಹಾಗೆ ಕೂತಿರುತ್ತದೆ ಅಷ್ಟೆ. ಆದರೆ ಮೈಗೆ ಅದು ಹೊರಗಿನ ವಸ್ತು. ಕೀವಾಗಬಹುದು, ನೀರು ತುಂಬಬಹುದು, ಜಾಗ ಬಿಟ್ಟು ಸರಿಯಬಹುದು, ನಾಯಿ ನೆಕ್ಕಿ ನೆಕ್ಕಿ ಹೊಲಿಗೆ ಬಿಚ್ಚಿಕೊಳ್ಳಬಹುದು. ಕೆಟ್ಟರೆ ತೆಗೆಯಲು ಇನ್ನೊಮ್ಮೆ ಪ್ರಜ್ಞೆ ತಪ್ಪಿಸುವ ಇಂಜೆಕ್ಷನ್ ಕೊಡಬೇಕು. ಎಲ್ಲರಿಗೂ ಹಾಗಾಗುತ್ತದೆ ಅಂತ ಅಲ್ಲ. ಆದರೆ ಆ ಅಪಾಯದಿಂದ ರಾಕಿಗೆ ಬರುವ ಲಾಭ ಸೊನ್ನೆ. ನಾಯಿಗಳು ಒಂದನ್ನೊಂದು ಗುರುತು ಹಿಡಿಯುವುದು ಮೂಗಿನಲ್ಲಿ. ಬೇರೆ ನಾಯಿ ಬಂದು ಹಿಂದಿನಿಂದ ಮೂಸಿದರೆ ಒಳಗಿನ ಕಥೆ ಎಲ್ಲ ಗೊತ್ತಾಗುತ್ತದೆ. ಕಣ್ಣಿಟ್ಟು ನೋಡುವುದು ಜಗುಲಿಯಲ್ಲಿ ಕೂತಿರುವ ನಾವು ಮಾತ್ರ. ಇಲ್ಲಿ ಯಾರಾದರೂ ಹಾಕುತ್ತಾರಾ ಅಂತ ನಮ್ಮ ಡಾಕ್ಟರನ್ನೂ ಕೇಳಿದೆ. ಇಷ್ಟು ವರ್ಷದಲ್ಲಿ ಒಂದೂ ಹಾಕಿಲ್ಲ, ಹಾಕುವುದೂ ಇಲ್ಲ ಅಂದರು.

ಮೇಲೆ ಒಬ್ಬರು ‘ಇಂಪ್ಲಾಂಟ್ ಹಾಕಿದರೆ ಆಪರೇಷನ್ನೇ ಬೇಡ’ ಅಂತ ಬರೆದಿದ್ದಾರೆ. ಅಕ್ಕಾ, ನೀವು ಹೇಳುತ್ತಿರುವುದು ಬೇರೆ. ಅದು ಡೆಸ್ಲೊರೆಲಿನ್ ಅನ್ನುವ ಔಷಧದ ಚಿಕ್ಕ ಕಡ್ಡಿ, ಚರ್ಮದ ಕೆಳಗೆ ಸೂಜಿಯಲ್ಲಿ ಸೇರಿಸುತ್ತಾರೆ. ಆರು ತಿಂಗಳಿನದೂ ಇದೆ, ವರ್ಷದ್ದೂ ಇದೆ. ಅದು ಕೆಲಸ ಮಾಡಿದರೆ ಇರುವ ಬೀಜವೂ ಸಣ್ಣಗಾಗುತ್ತದೆ. ಅಪ್ಪನ ಚಿಂತೆಗೆ ಅದೂ ಮದ್ದಲ್ಲ. ಇನ್ನು ನಾಳ ಮಾತ್ರ ಕತ್ತರಿಸಿ ಬೀಜ ಉಳಿಸುವ ವ್ಯಾಸೆಕ್ಟಮಿ. ಮರಿ ಆಗುವುದಿಲ್ಲ ನಿಜ, ಆದರೆ ಹಾರ್ಮೋನು ಹಾಗೇ ಇರುತ್ತದೆ, ಬೇಲಿ ಹಾರುವುದೂ ಹಾಗೇ ಇರುತ್ತದೆ.

ಈಗ ಅಪ್ಪನ ವಿಷಯಕ್ಕೆ ಬರೋಣ. ನಿಜವಾದ ತೊಡಕು ಇರುವುದು ಅಲ್ಲೇ. ಅವರನ್ನು ನಾನು ಬಯ್ಯುವುದಿಲ್ಲ, ಯಾಕೆಂದರೆ ಹನ್ನೆರಡು ವರ್ಷದ ಹಿಂದೆ ನಾನೂ ಅವರೇ.

ನಮ್ಮ ಕರಿಯ ಊರಿನ ನಾಯಿ. ಗಾತ್ರ, ಗತ್ತು ಎರಡೂ ಇತ್ತು. ತೋಟಕ್ಕೆ ಬಂದವರೆಲ್ಲ ‘ಏನ್ ನಾಯಿ ಅಣ್ಣಾ!’ ಅನ್ನುತ್ತಿದ್ದರು. ಅದಕ್ಕೆ ಬೀಜ ತೆಗೆಸುವುದು ಅಂದರೆ ನನ್ನ ಮೀಸೆ ತೆಗೆಸಿದಷ್ಟೇ ಅವಮಾನ ಅನ್ನಿಸುತ್ತಿತ್ತು. ಅದೆಲ್ಲ ಬೀದಿ ನಾಯಿಗೆ, ಆಪರೇಷನ್ ಆದ ಗುರುತಿಗೆ ಕಿವಿ ತುದಿ ಕತ್ತರಿಸಿ ಬಿಡುವ ನಾಯಿಗೆ, ನಮ್ಮದಕ್ಕೆ ಯಾಕೆ ಅಂತಿದ್ದೆ. ಕಾರ್ತಿಕ ಮಾಸ ಬಂತೆಂದರೆ ಕರಿಯ ವಾರಗಟ್ಟಲೆ ಮನೆಯಲ್ಲಿ ಇರುತ್ತಿರಲಿಲ್ಲ. ತೋಟದ ಆಳುಗಳ ಲೈನ್ ಮನೆಗಳ ಹತ್ತಿರ, ಪಕ್ಕದ ತೋಟದಲ್ಲಿ, ಎಲ್ಲಿ ಹೆಣ್ಣುನಾಯಿ ಬೆದೆಗೆ ಬಂದಿದೆಯೋ ಅಲ್ಲಿ. ನಾನು ಅದನ್ನೂ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ ಅನ್ನಿ.

ಒಂದು ಜನವರಿಯಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಕೆಂಪು ಹನಿಗಳು ಕಂಡವು. ಗುಡಿಸಿದ ಸಿಮೆಂಟಿನ ಮೇಲೆ ನಾಣ್ಯದಷ್ಟಗಲ, ಒಂದರ ಹಿಂದೆ ಒಂದು. ಹಣ್ಣಿನ ರಸ ಅಂದುಕೊಂಡೆ. ಮಾರನೇ ದಿನ ಕರಿಯ ಮಲಗಿ ಎದ್ದ ಗೋಣಿಚೀಲದ ಮೇಲೂ ಇತ್ತು. ಕಾಲಿಗೆ ಮುಳ್ಳು ಚುಚ್ಚಿದೆಯಾ, ಜಿಗಣೆ ಕಚ್ಚಿದೆಯಾ ಅಂತ ಹುಡುಕಿದೆ, ಏನೂ ಸಿಗಲಿಲ್ಲ. ಡಾಕ್ಟರು ಮುಂದಿನ ಚರ್ಮವನ್ನು ಹಿಂದೆ ಸರಿಸಿ ತೋರಿಸಿದಾಗ ಹೂಕೋಸಿನ ಚೂರಿನ ಹಾಗೆ ಒಂದು ಗಡ್ಡೆ, ಮುಟ್ಟಿದರೆ ರಕ್ತ. ಇದನ್ನು ಟಿವಿಟಿ ಅನ್ನುತ್ತಾರೆ. ಕೂಡುವಾಗ ಒಂದು ನಾಯಿಯಿಂದ ಇನ್ನೊಂದಕ್ಕೆ ಕ್ಯಾನ್ಸರಿನ ಜೀವಕೋಶವೇ ದಾಟಿಕೊಂಡು ಬಂದು ಬೆಳೆಯುತ್ತದೆ. ನಮ್ಮ ದೇಶದ ಬೀದಿ ನಾಯಿಗಳಲ್ಲಿ ಇದು ಜಾಸ್ತಿ. ಪುಣ್ಯಕ್ಕೆ ಮದ್ದಿದೆ, ವಿನ್‌ಕ್ರಿಸ್ಟಿನ್ ಅಂತ, ವಾರಕ್ಕೊಂದು ಇಂಜೆಕ್ಷನ್ ನರಕ್ಕೆ. ಕರಿಯನಿಗೆ ಆರು ವಾರ ಬೇಕಾಯಿತು. ಕಾಫಿ ಕುಯ್ಲಿನ ಮಧ್ಯೆ, ಆಳು ಸಿಗದ ಸಮಯದಲ್ಲಿ, ಪ್ರತಿ ವಾರ ಜೀಪಿನಲ್ಲಿ ಮಡಿಕೇರಿಗೆ. ಗುಣವಾದ ಮೇಲೆ ನಾನೇ ಡಾಕ್ಟರಿಗೆ ಆಪರೇಷನ್ ದಿನ ಕೇಳಿದೆ. ಮೀಸೆ ವಿಚಾರ ಅಷ್ಟು ಹೊತ್ತಿಗೆ ಮರೆತೇ ಹೋಗಿತ್ತು.

ನಿಮ್ಮಪ್ಪನ ಹತ್ತಿರ ಮಾತಾಡುವಾಗ ನಾಯಿ ವಿಷಯ ಬಿಟ್ಟು ಹಂದಿಯಿಂದ ಶುರು ಮಾಡಿ ನೋಡಿ. ನಮ್ಮ ಕಡೆ ಹಂದಿ ಸಾಕಿದ ಮನೆಯಲ್ಲಿ ಗಂಡು ಮರಿಗೆ ಚಿಕ್ಕದಿರುವಾಗಲೇ ಬೀಜ ತೆಗೆಸುತ್ತಾರೆ. ತೆಗೆಸದಿದ್ದರೆ ದೊಡ್ಡದಾದ ಮೇಲೆ ಮಾಂಸಕ್ಕೆ ವಾಸನೆ ಬರುತ್ತದೆ, ಪಂದಿ ಕರಿಗೆ ಕಾಚಂಪುಳಿ ಅನ್ನುವ ಹುಳಿ ಎಷ್ಟು ಹಾಕಿದರೂ ಹೋಗುವುದಿಲ್ಲ. ಉಳುವ ಎತ್ತಿಗೂ ಬೀಜ ಒಡೆಸದೆ ನೊಗ ಕಟ್ಟಿದವರಿಲ್ಲ. ಆಗ ಯಾವ ಅಜ್ಜನಿಗೂ ಅಯ್ಯೋ ಪಾಪ ಅನ್ನಿಸಲಿಲ್ಲ, ಎತ್ತಿಗೆ ಸುಳ್ಳು ಬೀಜ ಇಡಿ ಅಂತ ಕೇಳಲಿಲ್ಲ. ಹಾಗಿದ್ದರೆ ನಾಯಿಗೆ ಮಾತ್ರ ಯಾಕೆ? ನಾಯಿ ನಮ್ಮ ಹೆಸರು ಹೊತ್ತು ಊರು ಸುತ್ತುತ್ತದೆ, ಅದಕ್ಕೆ. ‘ಇಂಥವರ ಮನೆ ನಾಯಿ’ ಅನ್ನುತ್ತಾರಲ್ಲ.

ಅಪ್ಪನ ಇನ್ನೊಂದು ಭಯ ಕಾವಲಿನದು ಅಂತ ಬರೆದಿದ್ದೀರಿ. ಇದು ನ್ಯಾಯವಾದ ಪ್ರಶ್ನೆ. ಒಂಟಿ ಮನೆ, ಸುತ್ತ ತೋಟ, ರಾತ್ರಿ ನಾಯಿ ಬೊಗಳದಿದ್ದರೆ ನಿದ್ದೆ ಬರುವುದಿಲ್ಲ. ಆದರೆ ಹೆಣ್ಣುನಾಯಿ ಕಾವಲು ಕಾಯುವುದಿಲ್ಲವಾ? ಈಗ ನಮ್ಮ ಮನೆಯಲ್ಲಿ ಗೇಟಿಗೆ ಯಾರನ್ನೂ ಬಿಡದವಳು ಬೆಳ್ಳಿ, ಅವಳಿಗೂ ಆಪರೇಷನ್ ಆಗಿದೆ. ಬೀಜ ತೆಗೆಸಿದರೆ ಕಡಿಮೆಯಾಗುವುದು ಅಲೆದಾಟ, ಮೇಲೆ ಹತ್ತುವುದು, ಕಂಬ ಕಂಬಕ್ಕೆ ಉಚ್ಚೆ ಹೊಯ್ಯುವುದು. ಹೊಸಬರನ್ನು ಕಂಡರೆ ಬೊಗಳುವ ಗುಣ ಅದರ ಜೊತೆ ಹೋಗುವುದಿಲ್ಲ. ಇನ್ನು ಹೆದರಿಕೆಯಿಂದ ಕಚ್ಚುವ ನಾಯಿ ಆಪರೇಷನ್ನಿನಿಂದ ಸರಿಹೋಗುವುದಿಲ್ಲ, ಕೆಲವು ಇನ್ನೂ ಪುಕ್ಕಲು ಆಗುತ್ತವೆ. ರಾಕಿ ಹಾಗಿದ್ದರೆ ಮೊದಲೇ ಡಾಕ್ಟರಿಗೆ ಹೇಳಿ. ಮತ್ತೆ ರಾತ್ರಿ ಬೇಲಿ ಹಾರಿದ ನಾಯಿ ಯಾರ ಮನೆ ಕಾಯುತ್ತಿದೆ ಅಂತ ಅಪ್ಪನನ್ನೇ ಕೇಳಿ. ಹಂದಿಗೆ ಇಟ್ಟ ಉರುಳಿಗೆ ಸಿಕ್ಕಿದ, ಚಿರತೆ ಹೊತ್ತೊಯ್ದ ನಾಯಿಗಳ ಲೆಕ್ಕ ಈ ಗುಂಪಿನಲ್ಲಿ ಎಲ್ಲರ ಹತ್ತಿರವೂ ಇದೆ.

ಡಾಗ್ ಶೋ ಆಸೆ ಇದ್ದರೆ ಮಾತ್ರ ಲೆಕ್ಕ ಬೇರೆ. ಶೋನಲ್ಲಿ ಗಂಡು ನಾಯಿಗೆ ಎರಡೂ ಬೀಜ ಸರಿಯಾಗಿ ಚೀಲಕ್ಕೆ ಇಳಿದಿರಬೇಕು. ಅಲ್ಲಿ ಸಿಲಿಕಾನ್ ಇಟ್ಟುಕೊಂಡು ಹೋಗುವುದು ಶುದ್ಧ ಮೋಸ. ಹಾಗೇ ಒಂದು ಬೀಜ ಇಳಿಯದ ನಾಯಿಯನ್ನು ಮುಚ್ಚಿಟ್ಟು ಮರಿ ಮಾಡಿಸಲು ಕೊಡುವವರೂ ಇದ್ದಾರೆ. ಇಳಿಯದ ಬೀಜದಲ್ಲಿ ಗಡ್ಡೆಯಾಗುವ ಸಂಭವ ಜಾಸ್ತಿ, ಆ ದೋಷ ಮರಿಗಳಿಗೂ ಹೋಗಬಹುದು. ಅಂಥ ನಾಯಿಗೆ ಎರಡೂ ತೆಗೆಸಲೇಬೇಕು.

ಒಂದು ತಮಾಷೆ ಹೇಳುತ್ತೇನೆ, ನಿಮಗೆ ಉಪಯೋಗಕ್ಕೂ ಬರಬಹುದು. ನಮ್ಮ ಪಕ್ಕದ ತೋಟದವರು ಮಾವನಿಗೆ ಹೇಳದೆ ನಾಯಿಗೆ ಆಪರೇಷನ್ ಮಾಡಿಸಿಕೊಂಡು ಬಂದರು. ನಾಲ್ಕನೇ ದಿನಕ್ಕೆ ಖಾಲಿ ಚೀಲ ಊದಿಕೊಂಡು ಮೊದಲಿಗಿಂತ ದೊಡ್ಡದಾಯಿತು. ಯಾರೋ ಮಾವನಿಗೆ ಹೇಳಿಬಿಟ್ಟರು. ಮಾವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿ, ‘ಡಾಕ್ಟರು ದುಡ್ಡು ತಗೊಂಡು ಏನೂ ತೆಗೆದೇ ಇಲ್ಲ, ನಿಮಗೆ ಟೋಪಿ ಹಾಕಿದ್ದಾರೆ’ ಅಂದರು. ಒಳಗೊಳಗೆ ಖುಷಿ ಅವರಿಗೆ. ಅದು ನೀರು ತುಂಬಿದ ಊತ. ನಾಯಿಯನ್ನು ಓಡಲು ಬಿಟ್ಟರೆ ಹಾಗಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸನ್ನು ದಿನಕ್ಕೆ ಎರಡು ಮೂರು ಸಲ ಹತ್ತು ನಿಮಿಷ ಒತ್ತಿ ಹಿಡಿದು, ಕಟ್ಟಿ ಹಾಕಿದ ಮೇಲೆ ಇಳಿಯಿತು. ಊತ ಬಿಸಿಯಾಗಿದ್ದರೆ, ಹೊಲಿಗೆಯಿಂದ ಏನಾದರೂ ಸೋರಿದರೆ, ನಾಯಿ ಊಟ ಬಿಟ್ಟರೆ ಕಾಯಬೇಡಿ, ಹೋಗಿ ತೋರಿಸಿ. ಆಮೇಲೆ ದಿನ ಕಳೆದ ಹಾಗೆ ಚೀಲ ಚಪ್ಪಟೆಯಾಯಿತು. ಮಾವ ಮತ್ತೆ ಬಗ್ಗಿ ನೋಡಲಿಲ್ಲ. ಲ್ಯಾಬ್ರಡಾರಿನ ಬಾಲ ಬೇರೆ ದಪ್ಪ, ರಾಕಿಯ ಹಿಂದೆ ಹೋಗಿ ಯಾರು ನೋಡುತ್ತಾರೆ ಹೇಳಿ.

ಒಪ್ಪಿಗೆ ಸಿಕ್ಕಿದರೆ ಮಾಡಬೇಕಾದ್ದು ಇಷ್ಟು. ಮೊದಲು ರಕ್ತ ಪರೀಕ್ಷೆ. ನಮ್ಮ ತೋಟದ ನಾಯಿಗಳಿಗೆ ರಕ್ತ ಹೀರುವ ಉಣ್ಣೆ ಹುಳದ ಕಾಟ ಇದ್ದದ್ದೇ. ಉಣ್ಣೆ ಜ್ವರ ಒಳಗೇ ಕೂತಿದ್ದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದಿರುತ್ತದೆ, ಅಂಥ ನಾಯಿಗೆ ಕತ್ತಿ ಹಾಕಿದರೆ ರಕ್ತ ನಿಲ್ಲುವುದು ಕಷ್ಟ. ನಾಯಿ ಚೆನ್ನಾಗಿ ತಿಂದು ಓಡಾಡುತ್ತಿದೆ ಅಂತ ಇದನ್ನು ಬಿಡಬೇಡಿ. ಜುಲೈ, ಆಗಸ್ಟಿನ ಕಕ್ಕಡದ ಮಳೆಯಲ್ಲಿ ಮಾಡಿಸಬೇಡಿ. ಗಾಯ ಒಣಗುವುದಿಲ್ಲ, ನೊಣ ಕೂತು ಹುಳ ಬೀಳುತ್ತದೆ. ಕುಯ್ಲು ಮುಗಿದ ಮೇಲೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಮನೆಯಲ್ಲೂ ಒಬ್ಬರು ಬಿಡುವಾಗಿರುತ್ತಾರೆ. ಆಪರೇಷನ್ನಿನ ಹಿಂದಿನ ರಾತ್ರಿಯಿಂದ ಊಟ ಕೊಡಬೇಡಿ, ನೀರು ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರನ್ನೇ ಕೇಳಿ. ಹೊಲಿಗೆ ತೆಗೆಯಲು ಹತ್ತರಿಂದ ಹದಿನಾಲ್ಕು ದಿನ. ಅಲ್ಲಿವರೆಗೆ ಸ್ನಾನ ಇಲ್ಲ, ಅರಿಸಿನ ಮೆತ್ತುವುದೂ ಬೇಡ, ನೆಕ್ಕಲು ಅದೇ ಒಂದು ನೆಪ. ನಮ್ಮ ಮನೆಯ ನೋವಿನ ಮಾತ್ರೆ ಕೊಡಲೇಬೇಡಿ. ಐಬುಪ್ರೊಫೆನ್ ನಾಯಿಗೆ ವಿಷ. ಬೆಕ್ಕಿದ್ದವರೂ ಕೇಳಿಸಿಕೊಳ್ಳಿ, ಪ್ಯಾರಾಸಿಟಮಾಲ್ ಬೆಕ್ಕಿನ ಜೀವ ತೆಗೆಯುತ್ತದೆ.

ಆಪರೇಷನ್ ಆದ ಮಾರನೇ ದಿನದಿಂದಲೇ ಮರಿ ಆಗುವುದಿಲ್ಲ ಅಂದುಕೊಳ್ಳಬೇಡಿ. ನಾಳದಲ್ಲಿ ಉಳಿದದ್ದು ಕೆಲವು ವಾರ ಇರುತ್ತದೆ. ಒಂದೂವರೆ ತಿಂಗಳು ಬೆದೆಯ ನಾಯಿಯಿಂದ ದೂರ ಇಡಿ. ಬೇಲಿ ಹಾರುವ ಚಟವೂ ಒಂದೇ ದಿನಕ್ಕೆ ಬಿಡುವುದಿಲ್ಲ, ಒಮ್ಮೆ ರುಚಿ ಹತ್ತಿದ ಅಭ್ಯಾಸ ಅದು. ಬೇಲಿಯನ್ನೂ ಒಂದಷ್ಟು ಎತ್ತರ ಮಾಡಿ. ಊಟವನ್ನು ಕಾಲು ಭಾಗದಷ್ಟು ಕಡಿಮೆ ಮಾಡಿ. ಲ್ಯಾಬ್ರಡಾರ್ ಮೊದಲೇ ಹೊಟ್ಟೆಬಾಕ, ಆಪರೇಷನ್ ಆದ ಮೇಲೆ ಹಸಿವು ಜಾಸ್ತಿ, ಖರ್ಚು ಕಡಿಮೆ. ಆರು ತಿಂಗಳಲ್ಲಿ ಪೀಪಾಯಿ ಆಗಿಬಿಟ್ಟರೆ ಅಪ್ಪ ‘ನಾನು ಹೇಳಲಿಲ್ವಾ’ ಅನ್ನುತ್ತಾರೆ.

ಗಾಯ ನೆಕ್ಕದ ಹಾಗೆ ಕೊರಳಿಗೆ ಹಾಕುವ ಕೋನನ್ನು ನಮ್ಮ ನಾಯಿಗಳು ಎರಡೇ ದಿನಕ್ಕೆ ಒಡೆದು ಹಾಕುತ್ತವೆ. ನಾನು ಹಳೇ ಪ್ಲಾಸ್ಟಿಕ್ ಬಕೆಟಿನ ತಳ ಕೊಯ್ದು, ಅಂಚಿಗೆ ಸೈಕಲ್ ಟ್ಯೂಬ್ ಹೊಲಿದು ಮಾಡಿಕೊಂಡಿದ್ದೇನೆ. ಕರಿಯನದು ಬೆಳ್ಳಿಗೂ ಆಯಿತು, ಪಕ್ಕದ ತೋಟದ ನಾಯಿಗೂ ಆಯಿತು. ನೀಲಿ ಬಣ್ಣದ್ದು, ಒಂದು ಕಡೆ ಸ್ವಲ್ಪ ಕಚ್ಚಿದ ಗುರುತಿದೆ, ಗಟ್ಟಿಯಾಗೇ ಇದೆ. ದಿನ ಗೊತ್ತಾದ ಮೇಲೆ ಹೇಳಿ, ಸುಂಟಿಕೊಪ್ಪ ಪೇಟೆಗೆ ತಂದು ಕೊಡುತ್ತೇನೆ. ರಕ್ತ ಪರೀಕ್ಷೆಯ ಚೀಟಿ ಬಂದರೆ ಇಲ್ಲೇ ಹಾಕಿ, ಪ್ಲೇಟ್‌ಲೆಟ್ ಎಷ್ಟಿದೆ ನೋಡೋಣ.