ಲಿವರ್ ಎಷ್ಟು ನಾರುಗಟ್ಟಿದೆ? ರಕ್ತದ ಲೆಕ್ಕವನ್ನು ಓದುವುದು ಹೇಗೆ

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ, ಹೆಪಟೈಟಿಸ್ ಬಿ ಇದೆ. ರಕ್ತದಲ್ಲಿ ಲಿವರ್ ಕಿಣ್ವಗಳಾದ ಎಸ್‌ಜಿಒಟಿ 68, ಎಸ್‌ಜಿಪಿಟಿ 81, ಪ್ಲೇಟ್‌ಲೆಟ್ 1.36 ಲಕ್ಷ. ಮೊಬೈಲ್‌ನಲ್ಲಿ ಫೈಬ್-4 (ಲಿವರ್‌ನಲ್ಲಿ ಗಾಯದ ಕಲೆಯಂಥ ನಾರು ಎಷ್ಟು ಕಟ್ಟಿದೆ ಎಂದು ಅಂದಾಜಿಸುವ ಸೂತ್ರ) ಲೆಕ್ಕ ಹಾಕಿದರೆ 289 ಬಂತು! 3.25 ದಾಟಿದರೇ ಅಪಾಯ ಅಂತ ಓದಿದ್ದೇವೆ. ಬಯಾಪ್ಸಿ (ಲಿವರ್‌ನ ಚೂರು ತೆಗೆದು ನೋಡುವ ಪರೀಕ್ಷೆ) ಮಾಡಿಸಲೇಬೇಕೇ?

ಉತ್ತರ: ಗಾಬರಿ ಬೇಡ, ಎಡವಟ್ಟಾಗಿರುವುದು ಪ್ಲೇಟ್‌ಲೆಟ್ ಅಂಕಿಯಲ್ಲಿ. ನಮ್ಮ ಲ್ಯಾಬ್‌ಗಳು ಲಕ್ಷದಲ್ಲಿ ಬರೆಯುತ್ತವೆ, ಸೂತ್ರ ಸಾವಿರದಲ್ಲಿ ಕೇಳುತ್ತದೆ. 1.36 ಅಲ್ಲ, 136 ಹಾಕಬೇಕು. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ: 52 × 68 = 3536. ಎಸ್‌ಜಿಪಿಟಿಯ ವರ್ಗಮೂಲ 9, ಅದನ್ನು 136ರಿಂದ ಗುಣಿಸಿದರೆ 1224. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 2.89.

1.45ಕ್ಕಿಂತ ಕೆಳಗಿದ್ದರೆ ಹೆಚ್ಚು ನಾರುಗಟ್ಟಿರುವ ಸಾಧ್ಯತೆ ಕಡಿಮೆ, 3.25ಕ್ಕಿಂತ ಮೇಲಿದ್ದರೆ ಹೆಚ್ಚು. 2.89 ನಡುವೆ ಸಿಕ್ಕಿಕೊಂಡಿದೆ. ಹಾಗಂತ ಸುಮ್ಮನಿರುವಂತಿಲ್ಲ, ಎಪ್ರಿ ಎಂಬ ಇನ್ನೊಂದು ಲೆಕ್ಕವನ್ನೂ ನೋಡಿ. ಎಸ್‌ಜಿಒಟಿಯನ್ನು ನಿಮ್ಮ ಲ್ಯಾಬಿನ ಗರಿಷ್ಠ ಮಿತಿಯಿಂದ (40 ಎಂದಿಟ್ಟುಕೊಳ್ಳೋಣ) ಭಾಗಿಸಿ, ನೂರರಿಂದ ಗುಣಿಸಿ, 136ರಿಂದ ಭಾಗಿಸಿದರೆ 1.25 ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಹೆಪಟೈಟಿಸ್ ಬಿ ಮಾರ್ಗಸೂಚಿಯಂತೆ ವಯಸ್ಕರಲ್ಲಿ ಎಪ್ರಿ 0.5 ದಾಟಿದರೆ ಗಣನೀಯ ನಾರುಗಟ್ಟುವಿಕೆ, 1 ದಾಟಿದರೆ ಸಿರೋಸಿಸ್ (ಲಿವರ್ ಪೂರ್ತಿ ನಾರುಗಟ್ಟಿ ಗಡುಸಾದ ಹಂತ) ಶಂಕೆ. ಹಾಗಾಗಿ ಲಿವರ್‌ನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿ, ಮೂರು ಗಂಟೆ ಏನೂ ತಿನ್ನದೆ ಹೋಗಿ. ಅದರಲ್ಲಿ 7 ಕೆಪಿಎ (ಕಿಲೋಪ್ಯಾಸ್ಕಲ್, ಗಡಸುತನದ ಅಳತೆ) ದಾಟಿದರೆ ಔಷಧ ಶುರು ಮಾಡುವ ಮಾತು ಬರುತ್ತದೆ, 12.5 ದಾಟಿದರೆ ಸಿರೋಸಿಸ್ ಎಂದೇ ಎಣಿಸುತ್ತಾರೆ. ಬಯಾಪ್ಸಿ ಬೇಕಾಗುವುದು ಈ ಪರೀಕ್ಷೆಗಳು ಒಂದಕ್ಕೊಂದು ತಾಳೆಯಾಗದಿದ್ದಾಗ, ಅಥವಾ ಬೇರೆ ಕಾಯಿಲೆಯ ಅನುಮಾನವಿದ್ದಾಗ.

ಈ ಲೆಕ್ಕಗಳು ನಾರನ್ನು ನೇರವಾಗಿ ಅಳೆಯುವುದಿಲ್ಲ. ಲಿವರ್ ಗಟ್ಟಿಯಾದಂತೆ ಅದಕ್ಕೆ ಬರುವ ರಕ್ತನಾಳದಲ್ಲಿ ಒತ್ತಡ ಏರಿ ಗುಲ್ಮ (ಸ್ಪ್ಲೀನ್) ಊದುತ್ತದೆ, ಪ್ಲೇಟ್‌ಲೆಟ್‌ಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಅವನ್ನು ಉತ್ಪಾದಿಸಲು ಪ್ರಚೋದಿಸುವ ಹಾರ್ಮೋನನ್ನೂ ಲಿವರ್ ಕಡಿಮೆ ತಯಾರಿಸುತ್ತದೆ. ಪ್ಲೇಟ್‌ಲೆಟ್ ಇಳಿಯುವುದು ಹೀಗೆ. ಆದರೆ ಡೆಂಗಿ ಬಂದರೂ ಇಳಿಯುತ್ತದೆ! ಜ್ವರ ಬಿಟ್ಟು ಕೆಲವು ವಾರವಾದ ಮೇಲೇ ರಕ್ತ ಕೊಡಿ. ಮದ್ಯ ಸೇವನೆ, ಹಿಂದಿನ ದಿನದ ಜಿಮ್ ಕಸರತ್ತು, ಸೂಜಿಯಲ್ಲೇ ಒಡೆದ ಕೆಂಪು ಕಣಗಳು ಎಸ್‌ಜಿಒಟಿಯನ್ನು ಸುಳ್ಳೇ ಏರಿಸುತ್ತವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ರಾಸಾಯನಿಕದ ಟ್ಯೂಬಿನಲ್ಲಿ ಪ್ಲೇಟ್‌ಲೆಟ್ ಗುಂಪುಗಟ್ಟಿದರೆ ಯಂತ್ರ ಕಡಿಮೆ ಎಣಿಸುತ್ತದೆ, ಸಂಶಯವಿದ್ದರೆ ಸ್ಲೈಡ್ ನೋಡಿ ಎಂದು ಲ್ಯಾಬಿನವರನ್ನು ಕೇಳಿ, ಅಥವಾ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆಸಿ. ಇನ್ನು ಸೂತ್ರದಲ್ಲಿ ವಯಸ್ಸೂ ಸೇರಿರುವುದರಿಂದ ಫೈಬ್-4ಅನ್ನು 35ಕ್ಕಿಂತ ಕಿರಿಯರಲ್ಲಿ ನಂಬುವುದು ಕಷ್ಟ, 65 ದಾಟಿದವರಲ್ಲಿ ಅದು ವಿನಾಕಾರಣ ಏರುತ್ತದೆ.

ಪ್ರಶ್ನೆ: ಸಿರೋಸಿಸ್ ಆರಂಭದಲ್ಲಿದ್ದಾಗ ಹೆಪಟೈಟಿಸ್ ಸಿಗೆ 12 ವಾರ ಮಾತ್ರೆ ತೆಗೆದುಕೊಂಡೆ. ವೈರಸ್ ಹೋಗಿದೆ. ಫೈಬ್-4 3.6ರಿಂದ 1.4ಕ್ಕೆ ಇಳಿದಿದೆ. ಸ್ಕ್ಯಾನಿಂಗ್ ನಿಲ್ಲಿಸಬಹುದೇ?

ಉತ್ತರ: ಬೇಡ. ವೈರಸ್ ಹೋದ ಮೇಲೆ ಉರಿಯೂತ ಇಳಿಯುತ್ತದೆ, ಎಸ್‌ಜಿಒಟಿ ಇಳಿಯುತ್ತದೆ, ಅಂಕಿಯೂ ಇಳಿಯುತ್ತದೆ. ನಾರು ಅಷ್ಟು ಬೇಗ ಕರಗುವುದಿಲ್ಲ. ಚಿಕಿತ್ಸೆಗೆ ಮೊದಲೇ ಸಿರೋಸಿಸ್ ಇದ್ದವರು ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ಮಾಡಿಸುತ್ತಲೇ ಇರಬೇಕು, ಲಿವರ್ ಕ್ಯಾನ್ಸರನ್ನು ಬೇಗ ಹಿಡಿಯುವುದಕ್ಕಾಗಿ.