ಸುಲ್ತಾನನ ತಂಬೂರಿ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯ ಗುರುಗಳಿಗೆ ವಿಜಯಪುರದಿಂದ ಸಂಪಾದಕರ ಶರಣು.

ಕಳೆದ ಸಂಚಿಕೆಯ ಹಾಸ್ಯಪುಟದಲ್ಲಿ ವಿಜಯಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಾಹನನ್ನು ಟಿ.ವಿ.ಯ ಹಾಡಿನ ಸ್ಪರ್ಧೆಗೆ ತೀರ್ಪುಗಾರನಾಗಿ ಕೂಡಿಸಿದ್ದಕ್ಕೆ ತಾವು ನೊಂದು ಬರೆದಿದ್ದೀರಿ. ಇತಿಹಾಸವನ್ನು ನಗೆಗೆ ಎಳೆಯಬಾರದು, ತಂಬೂರಿಗೆ ‘ಮೋತಿ ಖಾನ್’ ಎಂದು ಹೆಸರಿಟ್ಟದ್ದು ಲೇಖಕರ ಕುಚೋದ್ಯ, ಏಳನೆಯ ತರಗತಿಯಲ್ಲಿರುವ ತಮ್ಮ ಮೊಮ್ಮಗ ಅದೆಲ್ಲವನ್ನೂ ನಿಜವೆಂದೇ ನಂಬಿದ ಎಂಬುದು ತಮ್ಮ ಆಕ್ಷೇಪ.

ತಂಬೂರಿಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಆ ಹೆಸರು ನಮ್ಮ ಲೇಖಕರು ಕಟ್ಟಿದ್ದಲ್ಲ. 1580ರಿಂದ 1627ರವರೆಗೆ ಆಳಿದ ಈ ಸುಲ್ತಾನನು ದಖನಿ ಭಾಷೆಯಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ ಹಾಡುಗಳಲ್ಲಿ ಸರಸ್ವತಿ ಮತ್ತು ಗಣಪತಿಯರ ಸ್ತುತಿಯ ಜೊತೆಗೆ ಅವನ ಪ್ರೀತಿಯ ತಂಬೂರಿ ಮೋತಿ ಖಾನ್ ಕೂಡ ಬರುತ್ತದೆ, ಆನೆ ಆತಶ್ ಖಾನ್ ಕೂಡ ಬರುತ್ತದೆ. ಜಗದ್ಗುರು ಎನಿಸಿಕೊಂಡಿದ್ದ ಆ ದೊರೆ ಸ್ಪರ್ಧಿಯ ಶ್ರುತಿ ತಪ್ಪಿದಾಗ ತನ್ನ ತಂಬೂರಿಯನ್ನು ತಾನೇ ಮೀಟಿ ತೋರಿಸುತ್ತಾನೆ ಎಂದು ಬರೆದಾಗ ಅವನ ಘನತೆಗೆ ಕುಂದು ಬಂದಿತೆಂದು ನನಗೆ ಅನ್ನಿಸುವುದಿಲ್ಲ. ಅವನು ಇಂದು ಇದ್ದಿದ್ದರೆ ಹಾಗೆಯೇ ಮಾಡುತ್ತಿದ್ದನೇನೋ.

ಇನ್ನು ನಗೆಯ ವಿಷಯ. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ಕ್ರಿ.ಶ. 634ರಲ್ಲಿ ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ವಿಜಯವನ್ನು ಹಾಡುತ್ತ, ಯುದ್ಧದ ಭಯದಲ್ಲಿ ಹರ್ಷನ ಹರ್ಷವೇ ಉಡುಗಿಹೋಯಿತು ಎಂದು ಶ್ಲೇಷೆ ಹೂಡಿದ್ದಾನೆ. ರಾಜಶಾಸನದಲ್ಲಿ, ಅದೂ ಕಲ್ಲಿನಲ್ಲಿ! ಅದೇ ಶಾಸನದಲ್ಲಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡವನೂ ಅವನೇ. ನಮ್ಮ ಕಡೆಯ ಜಾನಪದ ನಾಟಕವಾದ ಶ್ರೀಕೃಷ್ಣ ಪಾರಿಜಾತದ ಆಟದಲ್ಲಂತೂ ದ್ವಾರಕೆಯ ಕೃಷ್ಣನು ಗೊಲ್ಲತಿಯೊಡನೆ ಅಪ್ಪಟ ನಮ್ಮ ಕಡೆಯ ಮಾತಿನಲ್ಲಿ ವಾದಕ್ಕೆ ನಿಲ್ಲುತ್ತಾನೆ. ಬೆಳತನಕ ಕುಳಿತು ನಕ್ಕ ಜನ ಬೆಳಿಗ್ಗೆ ಅದೇ ಕೃಷ್ಣನಿಗೆ ಕೈ ಮುಗಿಯುತ್ತಾರೆ. ಕಾಲವನ್ನು ಹೀಗೆ ಕಲಸುವುದು ಈ ನೆಲಕ್ಕೆ ಹೊಸದಲ್ಲ, ಗುರುಗಳೇ.

ಆದರೆ ತಾವು ಎತ್ತದ ಒಂದು ತಪ್ಪನ್ನು ನಾನೇ ಒಪ್ಪಿಕೊಳ್ಳಬೇಕು. ಸ್ಪರ್ಧೆಯನ್ನು ಗೋಳಗುಮ್ಮಟದ ಗ್ಯಾಲರಿಯಲ್ಲಿ ನಡೆಸಿದ್ದೇವೆ. ಆ ಕಡೆಯ ಗೋಡೆಗೆ ಮುಖವಿಟ್ಟು ಪಿಸುಗುಟ್ಟಿದ್ದು ಈ ಕಡೆ ಕಿವಿಯಲ್ಲೇ ಹೇಳಿದಂತೆ ಕೇಳುವ, ಒಂದು ಚಪ್ಪಾಳೆ ಮತ್ತೆ ಮತ್ತೆ ಮರಳಿ ಬರುವ ಜಾಗದ ಆಸೆಗೆ ಲೇಖಕರು ಬಿದ್ದರು, ನಾನೂ ತಡೆಯಲಿಲ್ಲ. ಗುಮ್ಮಟವು ಇಬ್ರಾಹಿಮನ ಮಗ ಮುಹಮ್ಮದ್ ಆದಿಲ್‌ಶಾಹನ ಸಮಾಧಿ. ತಂದೆಯ ಕಾಲದಲ್ಲಿ ಅದು ಇರಲೇ ಇಲ್ಲ. ಟಿ.ವಿ.ಯನ್ನು ಯಾರೂ ಇತಿಹಾಸವೆಂದು ತಿಳಿಯುವುದಿಲ್ಲ, ಗುಮ್ಮಟವನ್ನು ಮಾತ್ರ ಎಲ್ಲರೂ ತಿಳಿದುಬಿಡುತ್ತಾರೆ. ತಮ್ಮ ಮೊಮ್ಮಗನ ತಲೆಯಲ್ಲಿ ಹೀಗೆ ತಪ್ಪೊಂದು ಹೊಕ್ಕಿದ್ದರೆ ಅದರ ಹೊಣೆ ನನ್ನದು, ದಯವಿಟ್ಟು ಅವನಿಗೆ ತಿಳಿಸಿಹೇಳಿ.

ಮುಂದಿನ ಸಂಚಿಕೆಯಿಂದ ಇಂಥ ಬರಹದ ನೆತ್ತಿಯ ಮೇಲೆ ‘ಕಲ್ಪನೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗುತ್ತದೆ, ಕೆಳಗೆ ಅದರಲ್ಲಿರುವ ನಿಜಸಂಗತಿಗಳನ್ನು ಬೇರೆಯಾಗಿ ಕೊಡುತ್ತೇವೆ. ಸ್ಪರ್ಧೆಯ ದೃಶ್ಯವನ್ನೂ ತಿದ್ದಿ ಪ್ರಕಟಿಸುತ್ತೇವೆ. ತೊರವಿಯ ಬಳಿ ಇಬ್ರಾಹಿಮನು ಸಂಗೀತಕ್ಕೆಂದೇ ಕಟ್ಟಿಸಲು ಹೊರಟ ನವರಸಪುರವಿದೆ, ಅಲ್ಲಿಯ ಸಂಗೀತ ಮಹಲಿನ ಕಮಾನು ಇನ್ನೂ ನಿಂತಿದೆ. ಮೋತಿ ಖಾನನನ್ನು ಈ ಸಲ ಅಲ್ಲಿಗೇ ಒಯ್ಯುತ್ತೇವೆ.