52 ದಿನ ಜೊತೆಗಿದ್ದು ಒಂದು ಮಾತೂ ಸರಿಯಾಗಿ ಆಡದೆ ಹೊರಟುಹೋದ್ಲು

ಪ್ರಶ್ನೆ: ಅಕ್ಕಾ ನಮಸ್ತೆ. ನಾನು ರಿಟೈರ್ಡ್ ಟೀಚರ್, ಇರೋದು ಚಿಕ್ಕಬಳ್ಳಾಪುರದಲ್ಲಿ. ನನ್ನ ಗೆಳತಿ ಕೋಲಾರದೋಳು, ಟಿಸಿಎಚ್ (ಟೀಚರ್ ಟ್ರೈನಿಂಗ್) ಓದುವಾಗ ಒಂದೇ ರೂಮು, 2007ರಲ್ಲಿ ಜಿಲ್ಲೆ ಬೇರೆ ಆಯ್ತು ನಾವು ಬೇರೆ ಆಗ್ಲಿಲ್ಲ. ಈ ಸಲ ಇಬ್ರೇ ಧೈರ್ಯ ಮಾಡಿ ವಿಯೆಟ್ನಾಂ, ಕಾಂಬೋಡಿಯಾ 52 ದಿನ ಸುತ್ಕೊಂಡು ಬಂದ್ವಿ. ಹನೋಯಿಯಿಂದ ಸೈಗಾನ್ ತನಕ 1,726 ಕಿಲೋಮೀಟರ್ ರೈಲಲ್ಲೇ, ನಡುನಡುವೆ ಇಳ್ಕೊಂಡು. ಊಟಕ್ಕೆ ಕಷ್ಟ ಆಯ್ತು, ಸಸ್ಯಾಹಾರಕ್ಕೆ ಅಲ್ಲಿ 'ಚಾಯ್' ಅಂತಾರೆ, ಆ ಬೋರ್ಡ್ ಕಾಣದ ಕಡೆ ಅವಳ ಕೆಟಲ್‌ನಲ್ಲಿ ನೀರು ಕಾಯಿಸಿ ನಾನು ತಗೊಂಡ್ಹೋಗಿದ್ದ ರಾಗಿ ಹುರಿಹಿಟ್ಟು ಕಲಸ್ಕೊಂಡು ತಿಂದಿದೀವಿ. ಕೊನೇ ವಾರ ಕಾಂಬೋಡಿಯಾದ ಸಿಯೆಮ್ ರೀಪ್‌ನಲ್ಲಿ ಯಾವುದೋ ಸಣ್ಣ ವಿಷ್ಯಕ್ಕೆ 'ನಿನ್ ಜೊತೆ ಇನ್ನೊಂದ್ ದಿನ ಇದ್ರೆ ನಂಗೆ ತಲೆ ಕೆಟ್ಹೋಗುತ್ತೆ ಕಣೆ' ಅಂದುಬಿಟ್ಲು. ದೇವನಹಳ್ಳಿ ಏರ್‌ಪೋರ್ಟಲ್ಲಿ ಇಳಿದಾಗ ರಾತ್ರಿ ಒಂದು ಗಂಟೆ, ಅವಳ ತಮ್ಮನ ಮಗ ಕಾರ್ ತಂದಿದ್ದ, 'ಸರಿ ಕಣೆ, ಬರ್ತೀನಿ' ಅಂದೋಳು ಹತ್ತಿ ಹೋಗೇಬಿಟ್ಲು, ತಿರುಗಿ ಕೂಡ ನೋಡ್ಲಿಲ್ಲ. 16 ದಿನ ಆಯ್ತು, ಫೋನಿಲ್ಲ. ಅಲ್ಲಿಯ ಅಂಕೋರ್ ದೇವಸ್ಥಾನಗಳ ಟಿಕೆಟ್ ಇಬ್ಬರದ್ದೂ ನನ್ನ ಕಾರ್ಡಲ್ಲೇ ಕೊಟ್ಟಿದ್ದು, ಲೆಕ್ಕಾನೂ ಹಾಗೇ ಇದೆ. ಈಗ್ಲೂ ಬೆಳಗಿನ ಜಾವ ನಾಲ್ಕಕ್ಕೆ ಎಚ್ಚರ ಆಗುತ್ತೆ, ಪಕ್ಕಕ್ಕೆ ತಿರುಗಿ 'ಎದ್ಯೇನೆ' ಅನ್ನೋಕೆ ಹೋಗ್ತೀನಿ. ನಮ್ಮ ಸ್ನೇಹ ಮುಗೀತಾ ಅಕ್ಕಾ?
— ಹೆಸರು ಬೇಡ, ಚಿಕ್ಕಬಳ್ಳಾಪುರ

ಉತ್ತರ: ಮೊದ್ಲು ಆ ನಾಲ್ಕು ಗಂಟೆ ವಿಷಯ ಹೇಳ್ತೀನಿ, ಯಾಕಂದ್ರೆ ನಿಮ್ಮ ಪತ್ರದಲ್ಲಿ ನಂಗೆ ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಅದೇ. ಅಲ್ಲಿಯ ಟೈಮು ನಮಗಿಂತ ಒಂದೂವರೆ ಗಂಟೆ ಮುಂದೆ, ಅಲ್ಲಿ ನೀವು ಐದೂವರೆಗೆ ಏಳ್ತಿದ್ರೆ ಇಲ್ಲಿ ಅದು ನಾಲ್ಕು. ಆದ್ರೆ ಅಷ್ಟು ವ್ಯತ್ಯಾಸಕ್ಕೆ ಮೈ ಎರಡು ಮೂರು ದಿನದಲ್ಲಿ ಹೊಂದ್ಕೊಂಡುಬಿಡುತ್ತೆ. 16 ದಿನ ಆದ್ರೂ ಎಚ್ಚರ ಆಗ್ತಿದೆ ಅಂದ್ರೆ ಅದು ಗಡಿಯಾರದ ತೊಂದ್ರೆ ಅಲ್ಲ ಮೇಡಂ, ಪಕ್ಕದಲ್ಲಿ ಒಬ್ರು ಇರೋದು ನಿಮಗೆ ಅಭ್ಯಾಸ ಆಗಿಹೋಗಿದೆ. ಕೋಲಾರದಲ್ಲಿ ಅವರಿಗೂ ಹಾಗೇ ಎಚ್ಚರ ಆಗ್ತಿರಬಹುದು, ಕೇಳಿ ನೋಡಿ.

ಇನ್ನು ಅವರು ಆಡಿದ ಮಾತು. ನೋವಾಗಿದೆ, ಅದನ್ನ ನಾನು ಸಣ್ಣದು ಅನ್ನಲ್ಲ. ಆದ್ರೆ ಒಂದು ಲೆಕ್ಕ ಹಾಕಿ, 52 ದಿನ ಅಂದ್ರೆ 1,248 ಗಂಟೆ. ರೂಮ್ ಬಿಟ್ಟ ಮೇಲೆ ಇಷ್ಟು ವರ್ಷದಲ್ಲಿ ಮದುವೆ, ನಾಮಕರಣ, ಹಬ್ಬ ಅಂತ ಸಿಕ್ಕಿದ್ದೆಲ್ಲಾ ಕೂಡಿದ್ರೂ ಅಷ್ಟು ಹೊತ್ತು ಒಟ್ಟಿಗೆ ಇದ್ದಿರ್ತೀರಾ? ಮನೇಲಾದ್ರೆ ಗಂಡನ ಮೇಲೆ ಸಿಟ್ಟು ಬಂದ್ರೆ ಅಡುಗೆಮನೆಗೆ ಹೋಗ್ತೀವಿ, ತರಕಾರಿ ತರ್ತೀನಿ ಅಂತ ಆಚೆ ಹೋಗ್ತೀವಿ, ನಿಮಗೆ ಇದ್ದಿದ್ದು ಒಂದೇ ರೂಮು ಎರಡು ಮಂಚ, ಭಾಷೆ ಬರದ ಊರು, ಸಿಟ್ಟು ಮಾಡ್ಕೊಂಡ್ರೂ ಮಾತಾಡೋಕೆ ಕನ್ನಡದಲ್ಲಿ ಅವರೊಬ್ರೇ, ಬೈಯೋಕೂ ಅವರೊಬ್ರೇ. ಆ ಮಾತು ಸುಸ್ತಿನಿಂದ ಬಂದಿದ್ದು ಅಂತ ನಂಗನ್ಸುತ್ತೆ, ಮನಸ್ಸು ಮುರಿದಿದ್ರೆ ಉಳಿದ ದಿನ ನಿಮ್ಮ ಜೊತೆ ಹೇಗೆ ಕಳೀತಿದ್ರು?

ಏರ್‌ಪೋರ್ಟಿನ ವಿಷ್ಯಕ್ಕೆ ನಂದೇ ಒಂದು ಹೇಳ್ತೀನಿ. ನಾನೂ ನಮ್ಮ ಅತ್ತಿಗೇನೂ ನೇಪಾಳಕ್ಕೆ ಹೋಗಿ 23 ದಿನ ಇದ್ದು ಬಂದ್ವಿ, ಮುಕ್ತಿನಾಥ ದೇವಸ್ಥಾನದಲ್ಲಿ ಆ 108 ನೀರಿನ ಧಾರೆ ಕೆಳಗೆ ಚಳಿಗೆ ನಡುಗ್ತಾ ಒಬ್ರ ಕೈ ಒಬ್ರು ಹಿಡ್ಕೊಂಡು ಓಡಿದ್ವಿ, ಅಂಥಾದ್ರಲ್ಲಿ ವಾಪಸ್ ಬಂದು ಬೀಳ್ಕೊಡೋ ಹೊತ್ತಿಗೆ ನಾನು ಸೂಟ್‌ಕೇಸಿನ ಟ್ಯಾಗ್ ಕೀಳ್ತಾ ತಲೆ ಬಗ್ಗಿಸಿಕೊಂಡೇ ಇದ್ದೆ. ಎತ್ತಿದ್ರೆ ಅಳು ಬರ್ತಿತ್ತು. ಆಮೇಲೆ ಗೊತ್ತಾಯ್ತು, ಅತ್ತಿಗೆ ಅದನ್ನ ನಾನು ಮುಖ ಕೊಡ್ಲಿಲ್ಲ ಅಂದ್ಕೊಂಡು ಒಂದು ತಿಂಗಳು ಕೊರಗಿದ್ರಂತೆ. ಆ ಒಂದು ತಿಂಗಳು ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ ನಂಗೆ. ತಿರುಗಿ ನೋಡ್ಲಿಲ್ಲ ಅಂತ ನೀವು ಬರೆದಿದೀರಿ, ಯಾಕೆ ನೋಡ್ಲಿಲ್ಲ ಅಂತ ಗೊತ್ತಿರೋದು ಅವರಿಗೆ ಮಾತ್ರ.

ದುಡ್ಡಿನ ಮಾತು ಮೊದಲ ಫೋನಲ್ಲಿ ಎತ್ಲೇಬೇಡಿ. ಹಾಗಂತ ಬಿಟ್ಟೂಬಿಡಬೇಡಿ, ಬಿಟ್ರೆ ಅದು ಒಳಗೇ ಕೊಳೆಯುತ್ತೆ. ವಿಯೆಟ್ನಾಂ ದುಡ್ಡು ಡಾಂಗ್, ಸುಮಾರು 300 ಡಾಂಗ್‌ಗೆ ನಮ್ಮ ಒಂದು ರೂಪಾಯಿ, ಅಷ್ಟೊಂದು ಸೊನ್ನೆ ಇರೋ ಲೆಕ್ಕದಲ್ಲಿ ಇಬ್ರೂ ಬೇರೆ ಬೇರೆ ರೇಟ್ ಹಿಡಿದಿದ್ರೆ ಸಾವಿರಗಟ್ಲೆ ಏರುಪೇರಾಗುತ್ತೆ. ಅಂಕೋರ್‌ದು ಮೂರು ದಿನದ ಪಾಸ್ ಆಗಿದ್ರೆ ಒಬ್ರಿಗೆ 62 ಡಾಲರ್, ಇಬ್ರಿಗೆ 124. ಅದಕ್ಕೆ ಎಷ್ಟೋ ಕಾರ್ಡ್‌ಗಳಲ್ಲಿ ಶೇಕಡ 3.5ರ ತನಕ ಮಾರ್ಕಪ್, ಅಂದ್ರೆ ಹೊರದೇಶದ ಖರ್ಚಿಗೆ ಬ್ಯಾಂಕಿನ ಹೆಚ್ಚುವರಿ ಶುಲ್ಕ, ಹಾಕ್ತಾರೆ, ಮೇಲೆ ಜಿಎಸ್‌ಟಿ. ಹಾಗಾಗಿ ಮನಸ್ಸಲ್ಲೇ ಗುಣಿಸೋಕೆ ಹೋಗ್ಬೇಡಿ, ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಕಟ್ ಆಗಿರೋ ರೂಪಾಯಿ ನೋಡಿ ಬರ್ಕೊಳ್ಳಿ, ಅದನ್ನ ಇಬ್ರೂ ಎದುರುಬದುರು ಕೂತು ನೋಡಿ.

ಮತ್ತೆ ಎಲ್ಲಿ ಕೂರೋದು ಅಂದ್ರೆ, ಅವರು ನಿಮ್ಮನೆಗೆ ಬರೋದೂ ಬೇಡ ನೀವು ಅವರ ಮನೆಗೆ ಹೋಗೋದೂ ಬೇಡ, ಮನೆ ಅಂದ್ರೆ ಮಕ್ಕಳು ಮೊಮ್ಮಕ್ಕಳು ಎಲ್ಲಾ ಸೇರಿ ಫೋಟೋ ತೋರಿಸಿ ಅಂತಾರೆ, ನಿಮ್ಮ ಮಾತು ಹಾಗೇ ಉಳ್ಕೊಳುತ್ತೆ. ಚಿಂತಾಮಣಿ ಇಬ್ರಿಗೂ ನಡುವೆ ಇದೆ, ಬಸ್ಸಲ್ಲಿ ಒಂದೊಂದು ಗಂಟೆ ಹೆಚ್ಚುಕಮ್ಮಿ. ಅಲ್ಲಿ ಸೇರ್ಕೊಂಡು ಹಾಗೇ ಕೈವಾರಕ್ಕೆ ಹೋಗಿ, ತಾತಯ್ಯನವರ ಮಠದಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ಳಿ. 'ಅವತ್ತು ಹಂಗಂದ್ಯಲ್ಲ, ನಂಗೆ ತುಂಬಾ ಬೇಜಾರಾಯ್ತು ಕಣೆ' ಅಂತ ಅಷ್ಟೇ ಹೇಳಿ, ಅದಕ್ಕೆ ಹಿಂದಿನದೆಲ್ಲಾ ಜೋಡಿಸ್ಬೇಡಿ.

ಫೋನ್ ಮಾಡೋಕೆ ನೆಪ ಬೇಕು ಅಂದ್ರೆ ಒಂದ್ಸಲ ಬ್ಯಾಗ್ ತೆಗೆದು ನೋಡಿ, ಆ ಕೆಟಲ್ ನಿಮ್ಮ ಹತ್ರಾನೇ ಉಳ್ಕೊಂಡಿದ್ರೂ ಇರಬಹುದು. ಇದ್ರೆ ಕೊಡೋಕೆ ಮುಂಚೆ ಅರ್ಧ ನಿಂಬೆಹಣ್ಣು ಹಿಂಡಿ ನೀರು ಕುದಿಸಿ ಚೆಲ್ಲಿ, ತಳದಲ್ಲಿರೋ ಬಿಳಿ ಕಲೆ ಹೋಗುತ್ತೆ.